ಐವತ್ತರಲ್ಲಿ ಮೂರು

ಸೆರಗಿಗೆ ಹಾಕಿದ ಪಿನ್ನು ಮೂಡಿಗೆರೆ ದಾಟುವ ಮೊದಲೇ ಭುಜಕ್ಕೆ ಚುಚ್ಚಲು ಶುರುಮಾಡಿತ್ತು. ಸರಿಮಾಡಿಕೊಳ್ಳಬೇಕೆಂದರೆ ಕೈಯೆತ್ತಬೇಕು, ಕೈಯೆತ್ತಿದರೆ ಪಕ್ಕದಲ್ಲಿ ಕೂತ ಅಪ್ಪನಿಗೆ ಮೊಣಕೈ ತಾಗುತ್ತದೆ, ತಾಗಿದರೆ ಅವನು ‘ಏನಾಯ್ತು’ ಅನ್ನುತ್ತಾನೆ, ಅಂದರೆ ಡ್ರೈವರ್ ತಿರುಗಿ ನೋಡುತ್ತಾನೆ. ಇಷ್ಟೆಲ್ಲ ಆಗುವುದಕ್ಕಿಂತ ಚುಚ್ಚಿಸಿಕೊಳ್ಳುವುದೇ ವಾಸಿ ಎಂದು ಧನ್ಯಾ ಟೆಂಪೋದ ಕಿಟಕಿಯ ಕಡೆಗೆ ಇನ್ನಷ್ಟು ಒತ್ತಿ ಕೂತಳು. ಹಿಂದೆ ಐವತ್ತು ಕೆ.ಜಿ.ಯ ನಲವತ್ತು ಮೂಟೆ. ಒಣಗಿಸಿದ ರೊಬಸ್ಟಾ ಕಾಫಿ, ಸಿಪ್ಪೆ ಸುಲಿಯದ್ದು, ಇಡೀ ವರ್ಷದ್ದು. ತಿರುವಿನಲ್ಲಿ ಮೂಟೆಗಳು ಒಂದಕ್ಕೊಂದು ಒರಗಿಕೊಂಡಾಗ ಟೆಂಪೋ ನರಳುತ್ತಿತ್ತು, ಅಪ್ಪ ‘ಮೆಲ್ಲಗೆ ಮಾರಾಯ’ ಎನ್ನುತ್ತಿದ್ದ, ಡ್ರೈವರ್ ‘ಮೆಲ್ಲಗೇ ಹೋಗ್ತಿರೋದಲ್ವಾ’ ಎಂದು ಮೊದಲಿಗಿಂತ ಜೋರಾಗಿ ಓಡಿಸುತ್ತಿದ್ದ. ಅವಳ ತೊಡೆಯ ಮೇಲಿನ ಚೀಲದಲ್ಲಿ ಒಂದು ನೋಟ್‌ಬುಕ್ಕು, ಎರಡು ಪೆನ್ನು ಇದ್ದವು. ಒಂದು ಕೈಕೊಟ್ಟರೆ ಇರಲಿ ಎಂದು ಇನ್ನೊಂದು.

ಮೂರು ದಿನದ ಹಿಂದೆ ಅಪ್ಪ ಊಟದ ಮಧ್ಯೆ ತಟ್ಟೆ ನೋಡುತ್ತಲೇ ಹೇಳಿದ್ದ. ‘ಈ ಸಲ ನೀನೂ ಬಾ ಚಿಕ್ಕಮಗಳೂರಿಗೆ. ಲೆಕ್ಕ ನೋಡೋಕೆ ಒಬ್ರು ಬೇಕು. ಆ ಸಾಹುಕಾರ್ರು ಪರ್ಸೆಂಟು ಪರ್ಸೆಂಟು ಅಂತ ಏನೇನೋ ಹೇಳ್ತಾರೆ, ನನ್ ತಲೆಗೆ ಹೋಗಲ್ಲ.’ ಡಿಗ್ರಿ ಮುಗಿದು ಒಂದೂಮುಕ್ಕಾಲು ವರ್ಷದಲ್ಲಿ ಆ ಮನೆಯಲ್ಲಿ ಅವಳು ಬೇಕು ಎಂದು ಯಾರಾದರೂ ಹೇಳಿದ್ದು ಅದೇ ಮೊದಲು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅವಳು ಹಳೆಯ ಕಾಮರ್ಸ್ ಪುಸ್ತಕ ತೆಗೆದು ಶೇಕಡಾ ಲೆಕ್ಕದ ಪಾಠವನ್ನು ಮೊದಲಿಂದ ಓದಿದಳು. ಗೊತ್ತಿಲ್ಲದ್ದು ಒಂದೂ ಇರಲಿಲ್ಲ, ಆದರೂ ಓದಿದಳು. ಇಂದು ಬೆಳಿಗ್ಗೆ ಅಮ್ಮ ಹಸಿರು ರೇಷ್ಮೆ ಸೀರೆ ತಂದು ಮಂಚದ ಮೇಲೆ ಇಟ್ಟಾಗ, ಕಾಫಿ ಮೂಟೆಯ ಜೊತೆ ಟೆಂಪೋದಲ್ಲಿ ಹೋಗುವವಳಿಗೆ ರೇಷ್ಮೆ ಯಾಕೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಲೆಕ್ಕ ನೋಡುವವಳಿಗೆ ಒಂದು ಮರ್ಯಾದೆ ಬೇಕಲ್ಲ, ಅಮ್ಮನಿಗೂ ಅರ್ಥವಾಗಿದೆ ಎಂದುಕೊಂಡಳು. ಆ ಸೀರೆಯೂ ಹತ್ತು ಪರ್ಸೆಂಟ್ ರಿಯಾಯಿತಿಯಲ್ಲಿ ಬಂದದ್ದು. ಅಂಗಡಿಯವನು ಎಂಟುನೂರರ ಚೀಟಿಯ ಮೇಲೆ ಒಂಬೈನೂರರ ಚೀಟಿ ಅಂಟಿಸಿ ಹತ್ತು ಪರ್ಸೆಂಟ್ ಬಿಟ್ಟಿದ್ದ. ಒಂದರ ಕೆಳಗೆ ಇನ್ನೊಂದು ಚೀಟಿ ಇಣುಕುತ್ತಿದ್ದುದನ್ನು ಅವಳು ನೋಡಿದ್ದಳು. ಬಿಟ್ಟ ಮೇಲೂ ಹತ್ತು ರೂಪಾಯಿ ಜಾಸ್ತಿಯೇ ಕೊಟ್ಟೆವು ಎಂದು ಹೇಳಲು ಬಾಯಿ ತೆರೆದಿದ್ದಳು, ಅಷ್ಟರಲ್ಲಿ ಅಮ್ಮ ‘ತೊಂಬತ್ತು ರೂಪಾಯಿ ಉಳೀತು’ ಎಂದು ಕಣ್ಣರಳಿಸಿದಳು. ಆ ಅರಳಿದ ಕಣ್ಣು ನೋಡಿದರೆ ಯಾರಿಗಾದರೂ ತಿರಸ್ಕಾರ ಹುಟ್ಟಬೇಕು, ಧನ್ಯಾಗೂ ಹುಟ್ಟಿತು, ಬಾಯಿ ಮುಚ್ಚಿಕೊಂಡಳು. ತಿರಸ್ಕಾರದಿಂದ ಮುಚ್ಚಿಕೊಂಡದ್ದೋ ಹೆದರಿಕೆಯಿಂದಲೋ ಎಂದು ಆಮೇಲೆ ಡೈರಿಯಲ್ಲಿ ಅರ್ಧ ಪುಟ ಬರೆದಳು.

ಡೈರಿಯ ಪ್ರತಿ ಪುಟದ ಬಲಮೂಲೆಯಲ್ಲಿ ಅವಳು ಒಂದು ಅಂಕಿ ಬರೆಯುತ್ತಿದ್ದಳು. ಆ ದಿನ ಹೇಳಬೇಕೆಂದುಕೊಂಡ ಮಾತುಗಳಲ್ಲಿ ಹೇಳಿದ್ದು ಶೇಕಡಾ ಎಷ್ಟು ಎಂಬ ಲೆಕ್ಕ. ಸಾಮಾನ್ಯ ದಿನಗಳಲ್ಲಿ ಆರು, ಏಳು. ನೆಂಟರು ಬಂದ ದಿನ ಎರಡು. ಕೊಟ್ಟಿಗೆಯಲ್ಲಿ ಹಸುವಿನ ಜೊತೆ ಆಡಿದ ಮಾತನ್ನು ಸೇರಿಸಬಹುದೋ ಇಲ್ಲವೋ ಎಂದು ಒಮ್ಮೆ ಬಹಳ ಯೋಚಿಸಿ ಸೇರಿಸಬಾರದೆಂದು ತೀರ್ಮಾನಿಸಿದ್ದಳು, ಹಾಗೆ ಸೇರಿಸಿದರೆ ಅಂಕಿ ಉಬ್ಬಿಸುವ ಅಪ್ಪನಿಗೂ ತನಗೂ ವ್ಯತ್ಯಾಸ ಉಳಿಯುವುದಿಲ್ಲ. ಅವಳಿಗೆ ಬಿ.ಕಾಂ.ನಲ್ಲಿ ಬಂದದ್ದು ಐವತ್ತೊಂಬತ್ತು ಪಾಯಿಂಟ್ ನಾಲ್ಕು. ಅಪ್ಪ ಊರಿಗೆಲ್ಲ ಹೇಳಿದ್ದು ಅರವತ್ತು. ‘ಫಸ್ಟ್ ಕ್ಲಾಸು’ ಎಂದು ಮದುವೆಮನೆಗಳಲ್ಲಿ ಅವನು ಹೇಳುವಾಗ ಅವಳು ಕಂಬದ ಹಿಂದೆ ನಿಂತು ಆ ಸೊನ್ನೆ ಪಾಯಿಂಟ್ ಆರನ್ನು ಯಾರೋ ತನ್ನ ಮೈಮೇಲೆ ಎಸೆದ ಚಿಂದಿಯಂತೆ ಹೊತ್ತುಕೊಳ್ಳುತ್ತಿದ್ದಳು. ಆ ಅಂಕಗಳು ಎಲ್ಲಿ ಹೋದವು ಎಂದೂ ಅವಳಿಗೆ ಗೊತ್ತಿತ್ತು. ಕಾಲೇಜಿನಲ್ಲಿ ಲೆಕ್ಕದ ಮೇಷ್ಟ್ರು ಬೋರ್ಡಿನ ಮೇಲೆ ಶೇಕಡಾ ಚಿಹ್ನೆ ಬರೆದು ಡಸ್ಟರ್‌ನಿಂದ ಕುಟ್ಟಿ ‘ಯಾವುದರಲ್ಲಿ? ಯಾವುದರಲ್ಲಿ ಅಂತ ಕೇಳದೇ ಇರೋನು ಕತ್ತೆ’ ಎನ್ನುತ್ತಿದ್ದರು. ಮೂರು ವರ್ಷ ಆ ಪ್ರಶ್ನೆಗೆ ಉತ್ತರ ಅವಳ ನಾಲಿಗೆಯ ತುದಿಯಲ್ಲಿತ್ತು, ಮೂರು ವರ್ಷ ಪಕ್ಕದ ಬೆಂಚಿನವರು ಎದ್ದು ನಿಂತು ಹೇಳಿದರು, ವೈವಾದಲ್ಲಿ ಮೇಷ್ಟ್ರಿಗೆ ಅವಳ ಹೆಸರೇ ನೆನಪಾಗಲಿಲ್ಲ.

ಆಲ್ದೂರು ಬಂತು, ಹೋಯಿತು. ಕಾಫಿ ಗಿಡಕ್ಕೆ ಹೂ ತರಿಸುವ ಹೂಮಳೆ ಇನ್ನೂ ಬಿದ್ದಿರಲಿಲ್ಲ. ನೀರು ಹಾರಿಸುವ ಅನುಕೂಲವಿದ್ದ ದೊಡ್ಡ ತೋಟಗಳು ಮಾತ್ರ ಬೆಳ್ಳಗೆ ಹೂಬಿಟ್ಟು ರಸ್ತೆಗೆಲ್ಲ ಘಮ್ಮೆನ್ನುತ್ತಿದ್ದವು, ಉಳಿದ ತೋಟಗಳು ಬಾಯಿ ಬಿಟ್ಟುಕೊಂಡು ಆಕಾಶ ನೋಡುತ್ತಿದ್ದವು. ಅಪ್ಪ ಮೂಗರಳಿಸಿ ‘ದುಡ್ಡಿದ್ದೋರ ವಾಸನೆ’ ಎಂದ. ನಂತರ ಅವಳ ಕಡೆ ತಿರುಗದೆ, ‘ಅಲ್ಲಿ ಹೋದ್ಮೇಲೆ ತಲೆ ತಗ್ಗಿಸ್ಕಂಡು ಕೂತ್ಕಬೇಡ. ಕೇಳಿದ್ದಕ್ಕೆ ಮಾತಾಡು’ ಎಂದ. ‘ಹೂಂ’ ಎಂದಳು. ಲೆಕ್ಕ ನೋಡುವವಳು ಮಾತಾಡಲೇಬೇಕಲ್ಲ. ಮನಸ್ಸಿನಲ್ಲೇ ವಾಕ್ಯಗಳನ್ನು ಕಟ್ಟತೊಡಗಿದಳು: ಸಾಹುಕಾರ್ರೇ, ಈ ಶೇಕಡಾ ಯಾವುದರ ಮೇಲೆ?

ಸಿದ್ದಬಸಪ್ಪನವರ ಮಂಡಿ ಮುಂದೆ ಅಂಗಡಿ, ನಡುವೆ ಗೋದಾಮು, ಹಿಂದೆ ಮನೆ. ಹಣೆಯ ಮೇಲೆ ದಪ್ಪ ವಿಭೂತಿ ಪಟ್ಟೆ ಬಳಿದುಕೊಂಡ ಆ ಮನುಷ್ಯ ಗಾದಿಯ ಮೇಲೆ ಒಂದು ಕಾಲು ಮಡಿಸಿ ಕೂತಿದ್ದರು. ಕಾಫಿಯನ್ನೆಲ್ಲ ಸರ್ಕಾರದ ಕಾಫಿ ಬೋರ್ಡಿನ ಪೂಲಿಗೇ, ಒಟ್ಟು ದಾಸ್ತಾನಿಗೇ, ಹಾಕಬೇಕೆಂಬ ಕಾನೂನು ಹೋಗಿ ಎರಡು ಸುಗ್ಗಿಯಾಗಿತ್ತು. ಆ ಎರಡು ಸುಗ್ಗಿಯಲ್ಲಿ ಬೇಳೆಕಾಳು ಮಾರುತ್ತಿದ್ದ ಅಂಗಡಿ ಈ ಗೋದಾಮಾಗಿತ್ತು. ‘ಬನ್ನಿ ಬನ್ನಿ ಬಸವರಾಜಪ್ನೋರೆ. ಏನು, ಮಗಳನ್ನೂ ಕರ್ಕಂಡು ಬಂದೀರಿ!’ ಎಂದರು, ಆಶ್ಚರ್ಯವನ್ನು ಮೊದಲೇ ಸಿದ್ಧಮಾಡಿ ಇಟ್ಟುಕೊಂಡವರಂತೆ. ‘ಲೆಕ್ಕ ಗಿಕ್ಕ ನೋಡ್ಲಿ ಅಂತ. ಬಿ.ಕಾಂ. ಫಸ್ಟ್ ಕ್ಲಾಸು’ ಎಂದ ಅಪ್ಪ. ಧನ್ಯಾ ನೆಲ ನೋಡಿದಳು. ಸೊನ್ನೆ ಪಾಯಿಂಟ್ ಆರು ಇಲ್ಲಿಗೂ ಬಂದಿತ್ತು. ಗಾದಿಯ ಪಕ್ಕ ನಿಂತವನು ಮಗನಿರಬೇಕು. ಬಿಳಿ ಶರ್ಟು, ಮಣಿಕಟ್ಟಿನಲ್ಲಿ ಕ್ಯಾಲ್ಕುಲೇಟರ್ ಇರುವ ವಾಚು. ಅದರ ಗುಂಡಿಗಳು ಎಷ್ಟು ಚಿಕ್ಕವೆಂದರೆ ಅವನು ಉಗುರಿನ ತುದಿಯಿಂದ ಒತ್ತಬೇಕಿತ್ತು, ಅದಕ್ಕಾಗಿಯೇ ಬಲಗೈ ಕಿರುಬೆರಳಿನ ಉಗುರು ಬೆಳೆಸಿದ್ದ. ಇವನು ಸ್ನಾನಕ್ಕೆ ಹೋಗುವಾಗಲೂ ಎಷ್ಟು ಚೊಂಬು ನೀರು ಎಂದು ಒತ್ತಿ ನೋಡುವವನಿರಬೇಕು ಎಂದುಕೊಂಡಳು. ‘ಮಲ್ಲೇಶಾ, ಕುರ್ಚಿ ಹಾಕೋ’ ಎಂದರು ಸಿದ್ದಬಸಪ್ಪ. ಮಲ್ಲೇಶ್ ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿ ಇಟ್ಟ. ಅಪ್ಪನಿಗೆ ಸ್ಟೂಲು.

ಮೂಟೆ ಇಳಿಸಿ ತೂಕ ಹಾಕಿದ್ದಾಯಿತು: ಎರಡು ಸಾವಿರ ಕೆ.ಜಿ. ಆಳು ಚೂಪು ತುದಿಯ ಕಬ್ಬಿಣದ ಕೊಳವೆಯನ್ನು ಒಂದೊಂದು ಮೂಟೆಯ ಹೊಟ್ಟೆಗೆ ಚುಚ್ಚಿ ಒಂದೊಂದು ಹಿಡಿ ಕಾಯಿ ಎಳೆದು ತಟ್ಟೆಗೆ ಸುರಿದ. ಅಪ್ಪ ಹಿಡಿಯಲ್ಲಿ ಕಾಯಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿ, ‘ಕೇಳಿ, ಗಲಗಲ ಅನ್ನುತ್ತೆ. ಹದಿನೆಂಟು ದಿನ ಬಿಸಿಲು ಕುಡ್ದದ್ದು’ ಎಂದ. ಸಿದ್ದಬಸಪ್ಪ ಸುಮ್ಮನೆ ನಕ್ಕರು. ನೂರು ಗ್ರಾಂ ಕಾಯಿ ತೂಗಿ, ಕೈಯಲ್ಲಿ ತಿರುಗಿಸುವ ಸಣ್ಣ ಯಂತ್ರಕ್ಕೆ ಹಾಕಿ ಸಿಪ್ಪೆ ಸುಲಿದು, ಬೀಜ ಬೇರೆ ಮಾಡಿ ಮತ್ತೆ ತೂಗಿದರು. ಐವತ್ತು ಗ್ರಾಂ. ನೂರು ಕಾಯಿಗೆ ಐವತ್ತು ಬೀಜ. ದುಡ್ಡು ಕೊಡುವುದು ಬೀಜಕ್ಕೆ, ಕೆ.ಜಿ.ಗೆ ಅರವತ್ತು ರೂಪಾಯಿ. ಅಂದರೆ ಸಾವಿರ ಕೆ.ಜಿ., ಅರವತ್ತು ಸಾವಿರ. ಧನ್ಯಾ ನೋಟ್‌ಬುಕ್ಕು ತೆರೆಯುವ ಮೊದಲೇ ಅದು ಅವಳ ತಲೆಯೊಳಗೆ ಬಂದು ಕೂತಿತ್ತು. ಆಮೇಲೆ ಬೀಜಗಳನ್ನು ತೇವ ನೋಡುವ ಪೆಟ್ಟಿಗೆಯ ಬಟ್ಟಲಿಗೆ ಸುರಿದು ಮುಚ್ಚಳ ಹಾಕಿದರು. ಎಲ್ಲರೂ ಆ ಪೆಟ್ಟಿಗೆಯ ಮುಖ ನೋಡಿದರು. ಹದಿನಾಲ್ಕು.

‘ನೋಡಿ, ನಮ್ ರೇಟು ಹನ್ನೊಂದು ತೇವಕ್ಕೆ. ಇಲ್ಲಿ ಹದಿನಾಲ್ಕು ತೋರಿಸ್ತಾ ಇದೆ. ಮೂರು ಪರ್ಸೆಂಟ್ ಕಟ್ಟು, ಅಷ್ಟು ತೂಕ ಕಳೀಬೇಕು. ನಾನು ಮಾಡೋದಲ್ಲ ಬಸವರಾಜಪ್ನೋರೆ, ಮಿಷಿನ್ನು ಮಾಡೋದು’ ಎಂದು ಸಿದ್ದಬಸಪ್ಪ ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿದರು. ‘ಐವತ್ತರಲ್ಲಿ ಮೂರು ಹೋದ್ರೆ ಎಷ್ಟೋ ಮಲ್ಲೇಶಾ?’ ಮಲ್ಲೇಶ್ ಮಣಿಕಟ್ಟು ಎತ್ತಿ, ಕಿರುಬೆರಳಿನ ಉಗುರಿನಿಂದ ನಾಲ್ಕಾರು ಸಲ ಒತ್ತಿ, ಕಣ್ಣು ಕಿರಿದು ಮಾಡಿ ನೋಡಿ, ‘ನಲವತ್ತೇಳು ಅಪ್ಪಾಜಿ’ ಎಂದ. ‘ನಲವತ್ತೇಳು. ಎರಡು ಸಾವಿರಕ್ಕೆ ಒಂಬೈನೂರಾ ನಲವತ್ತು ಕೆ.ಜಿ. ಸರೀನಾ?’ ಅಪ್ಪ ತಲೆಯಾಡಿಸಿದ. ಐವತ್ತರಲ್ಲಿ ಮೂರು ಹೋದರೆ ನಲವತ್ತೇಳು ಎಂಬುದನ್ನು ಯಾರು ಅಲ್ಲವೆನ್ನುತ್ತಾರೆ?

ಧನ್ಯಾಳ ಕಿವಿ ಬಿಸಿಯಾಯಿತು. ಎಷ್ಟು ಸಲೀಸು! ಮೂರು ಪರ್ಸೆಂಟ್ ಕಟ್ಟು ಎಂದರೆ ನೂರಕ್ಕೆ ಮೂರು. ಐವತ್ತಕ್ಕೆ ಒಂದೂವರೆ. ಬರಬೇಕಾದ್ದು ನಲವತ್ತೆಂಟೂವರೆ. ಈ ಮನುಷ್ಯ ಐವತ್ತರಿಂದ ನೇರವಾಗಿ ಮೂರು ಕಳೆದ. ಅದು ಮೂರು ಪರ್ಸೆಂಟ್ ಅಲ್ಲ, ಆರು. ಸಾವಿರ ಕೆ.ಜಿ.ಗೆ ಮೂವತ್ತು ಕೆ.ಜಿ. ಹೋಗಬೇಕಿದ್ದಲ್ಲಿ ಅರವತ್ತು ಹೋಯಿತು. ಜಾಸ್ತಿ ಹೋದ ಮೂವತ್ತು ಕೆ.ಜಿ.ಗೆ ಸಾವಿರದೆಂಟುನೂರು ರೂಪಾಯಿ. ಬಾಯಿಯಲ್ಲಿ ಮೂರು ಎನ್ನುತ್ತ ಕೈಯಲ್ಲಿ ಆರು ಎತ್ತಿಕೊಂಡು, ತಪ್ಪನ್ನು ಪೆಟ್ಟಿಗೆಯ ಮೇಲೆ ಹಾಕಿಬಿಟ್ಟಿದ್ದ. ಇಷ್ಟು ನಾಜೂಕಾದ ಕಳ್ಳತನಕ್ಕೆ ಸುಳ್ಳಿನ ಅಗತ್ಯವೂ ಇಲ್ಲ, ಎದುರಿಗೆ ಕೂತವರು ಒಪ್ಪಿಕೊಳ್ಳುವ ಒಂದು ಕಳೆಯುವ ಲೆಕ್ಕ ಸಾಕು. ಅವಳು ಅಪ್ಪನ ಕಡೆ ನೋಡಿದಳು. ಅಪ್ಪ ನೋಡಲಿಲ್ಲ. ತೋಳು ಮುಟ್ಟಿದಳು. ‘ಇರು’ ಎಂದ, ತುಟಿಯಲ್ಲಿ ಮಾತ್ರ. ಅವನ ಮುಖದಲ್ಲಿ ಅರ್ಥವಾಗದವನ ಪೆದ್ದುತನ ಇರಲಿಲ್ಲ. ಅಲ್ಲಿದ್ದದ್ದು ಬೇರೇನೋ, ದೇವಸ್ಥಾನದಲ್ಲಿ ತಟ್ಟೆಗೆ ದೊಡ್ಡ ನೋಟು ಹಾಕಿ ಯಾರಾದರೂ ನೋಡಿದರೇ ಎಂದು ಕಾಯುವವನ ಮುಖ. ಲೆಕ್ಕ ನೋಡಲು ಕರೆದುಕೊಂಡು ಬಂದವನು ಲೆಕ್ಕದ ಹೊತ್ತಿನಲ್ಲಿ ‘ಇರು’ ಎನ್ನುವುದು ಯಾಕೆ ಎಂದು ಅವಳು ಇನ್ನೂ ಯೋಚಿಸುತ್ತಿರುವಾಗಲೇ ಹಿಂದಿನ ಬಾಗಿಲ ಪರದೆ ಸರಿಯಿತು.

ತಟ್ಟೆಯಲ್ಲಿ ಐದು ಲೋಟ ಇಟ್ಟುಕೊಂಡು ಸಿದ್ದಬಸಪ್ಪನವರ ಹೆಂಡತಿ ಬಂದರು. ದಪ್ಪ ಜರಿಯ ಸೀರೆ. ಮನೆಯೊಳಗಿನಿಂದ ಮಂಡಿಗೆ ಬರಲು ಅಷ್ಟು ಜರಿ ಯಾರೂ ಉಡುವುದಿಲ್ಲ. ‘ಇವ್ಳೇನಾ? ಎತ್ತರ ಇದಾಳೆ, ಫೋಟೋದಲ್ಲಿ ಗೊತ್ತಾಗಿರ್ಲಿಲ್ಲ’ ಎಂದು ಗಂಡನಿಗೆ ಹೇಳಿ, ಆಮೇಲೆ ಅವಳಿಗೆ ‘ನಾನು ಶಿವಗಂಗಮ್ಮ ಅಂತ. ತಗಳವ್ವ, ನೀನೇ ಕೊಡು ಎಲ್ರಿಗೂ. ನಮ್ ಮನೆ ಅನ್ಕೋ’ ಎಂದು ತಟ್ಟೆಯನ್ನು ಅವಳ ಕೈಗೇ ಇಟ್ಟರು. ಫೋಟೋ. ಧನ್ಯಾ ತಟ್ಟೆ ಹಿಡಿದು ನಿಂತಳು. ಹಸಿರು ಸೀರೆ, ತಲೆ ತಗ್ಗಿಸ್ಕಂಡು ಕೂತ್ಕಬೇಡ, ಕರ್ಚೀಫಿನಿಂದ ಒರೆಸಿದ ಕುರ್ಚಿ. ಎಲ್ಲವೂ ಬೆಳಗಿನಿಂದ ಅವಳ ಕಣ್ಣೆದುರೇ ಇದ್ದವು. ನಲವತ್ತು ಮೂಟೆಯ ಜೊತೆ ನಲವತ್ತೊಂದನೆಯದನ್ನೂ ಇಳಿಸಿದ್ದರು. ಗಂಡಿನ ಕಡೆಯವರು ಮನೆಗೆ ಬಂದು ನೋಡಿ ಉಪ್ಪಿಟ್ಟು ತಿಂದು ಹೋದರೆ, ಬೇಡವೆಂದಾಗ ಊರಿಗೆಲ್ಲ ಗೊತ್ತಾಗುತ್ತದೆ. ಹೀಗೆ ಸಾಮಾನು ಹಾಕಲು ಬಂದಾಗ ನೋಡಿಬಿಟ್ಟರೆ ಯಾರಿಗೂ ಏನೂ ಆಗಿಲ್ಲ. ಅಪ್ಪನಿಗೆ ಆ ಸಾವಿರದೆಂಟುನೂರು ಗೊತ್ತಿತ್ತೋ ಇಲ್ಲವೋ, ಏನಾದರೂ ಹೋಗುತ್ತದೆ, ಹೋಗಲಿ ಎಂಬುದಂತೂ ಗೊತ್ತಿತ್ತು. ಲೆಕ್ಕ ನೋಡಲು ಒಬ್ಬರು ಬೇಕು ಎಂದ ಮಾತಿಗೆ ಕೋಣೆಯ ಬಾಗಿಲು ಹಾಕಿಕೊಂಡು ಪಾಠ ಓದಿದ ಹುಡುಗಿ ನೆನಪಾದಳು. ಅಮ್ಮನ ಅರಳಿದ ಕಣ್ಣುಗಳಿಗಿಂತ ಅದು ಹೆಚ್ಚು ಅಸಹ್ಯವಾಗಿತ್ತು.

ಮಲ್ಲೇಶ್‌ಗೆ ಲೋಟ ಕೊಡುವಾಗ ಅವನು ‘ಥ್ಯಾಂಕ್ಸ್’ ಎಂದ. ಆ ಥ್ಯಾಂಕ್ಸಿನಿಂದಲೋ ಏನೋ, ಪಿನ್ನು ಮತ್ತೆ ಚುಚ್ಚಿದ್ದರಿಂದಲೋ, ಅವಳ ಬಾಯಿಂದ ಮಾತು ಹೊರಗೆ ಬಿತ್ತು.

‘ಮೂರು ಪರ್ಸೆಂಟ್ ಅಂದ್ರೆ ನಲವತ್ತೇಳು ಬರಲ್ಲ.’

ಯಾರು ಮಾತಾಡಿದ್ದು ಎಂದು ಒಂದು ಕ್ಷಣ ಎಲ್ಲರೂ ಹುಡುಕಿದರು. ಅಪ್ಪನ ಲೋಟ ತುಟಿಯ ಹತ್ತಿರ ನಿಂತಿತು. ‘ಏನಂದ್ಯಮ್ಮ?’ ಎಂದರು ಸಿದ್ದಬಸಪ್ಪ. ಅವಳು ತಟ್ಟೆಯನ್ನು ನೋಡುತ್ತಲೇ, ಯಾರೋ ಬರೆದುಕೊಟ್ಟದ್ದನ್ನು ಓದುವವಳಂತೆ, ‘ನೂರಕ್ಕೆ ಮೂರು. ಐವತ್ತಕ್ಕೆ ಒಂದೂವರೆ. ನಲವತ್ತೆಂಟೂವರೆ ಬರಬೇಕು. ಒಂಬೈನೂರಾ ಎಪ್ಪತ್ತು ಕೆ.ಜಿ. ನೀವು ಕಳೆದಿದ್ದು ಆರು ಪರ್ಸೆಂಟ್’ ಎಂದಳು. ‘ಸುಮ್ನಿರು ಧನ್ಯಾ’ ಎಂದ ಅಪ್ಪ. ಅವನ ಕಿವಿಯ ಅಂಚು ಕೆಂಪಾಗಿತ್ತು. ‘ಏನೋ ಓದ್ಕಂಡಿರೋ ಹುಡುಗಿ ಸಾಹುಕಾರ್ರೇ, ಮನಸಿಗೆ ತಗಬೇಡಿ. ಯಾವತ್ತೂ ಬಾಯಿ ಬಿಡೋಳಲ್ಲ, ಇವತ್ತೇ ಬಿಟ್ಲು ನೋಡಿ.’ ಮಲ್ಲೇಶ್ ಉಗುರಿನಿಂದ ಒತ್ತತೊಡಗಿದ, ಅಳಿಸಿದ, ಮತ್ತೆ ಒತ್ತಿದ. ‘ಇದ್ರಲ್ಲಿ ಪರ್ಸೆಂಟ್ ಬಟನ್ ಇಲ್ಲ ಅಪ್ಪಾಜಿ’ ಎಂದ.

ಸಂಬಂಧ ಮುರಿಯಿತು ಎಂದುಕೊಂಡಳು ಅವಳು. ಮುರಿಯಲಿ. ಮನೆಗೆ ಹೋದ ಮೇಲೆ ಅಮ್ಮ ಎರಡು ದಿನ ಮಾತಾಡುವುದಿಲ್ಲ, ಅಪ್ಪ ಎಂಟು ದಿನ. ಎಂಟು ದಿನದ ಮೌನ ಅವಳಿಗೇನು ದೊಡ್ಡದಲ್ಲ. ಆಗ ಸಿದ್ದಬಸಪ್ಪ ನಕ್ಕರು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಸದ್ದು ಬಂತು, ಆಮೇಲೆ ವಿಭೂತಿ ಸುಕ್ಕಾಯಿತು. ‘ಎರಡು ಸುಗ್ಗಿ ಆಯ್ತು ಮಾರಾಯ! ಗೌಡ್ರು ಬಂದ್ರು, ಲೆಕ್ಕ ಬರೆಯೋ ಎಸ್ಟೇಟ್ ರೈಟರ್‌ಗಳು ಬಂದ್ರು, ಒಬ್ಬ ಗಂಡಸು ಕೇಳ್ಲಿಲ್ಲ ಇದನ್ನ. ಏ ಗಂಗೂ, ಕೇಳಿಸ್ತೇನೇ? ಕಾಫಿ ಕೊಡೋಕೆ ಕಳ್ಸಿದ್ರೆ ನನ್ನೇ ಹಿಡ್ದುಬಿಟ್ಲು!’ ಶಿವಗಂಗಮ್ಮ ಏನೂ ಅರ್ಥವಾಗದೆ ‘ಚೂಟಿ ಇದಾಳೆ’ ಎಂದರು. ಸಿದ್ದಬಸಪ್ಪ ಬರೆದ ಚೀಟಿಯನ್ನು ಹರಿದರು. ಹೊಸದರಲ್ಲಿ ಒಂಬೈನೂರಾ ಎಪ್ಪತ್ತು ಎಂದು ಬರೆದು ಅಪ್ಪನಿಗೆ ಚಾಚಿದರು. ‘ತಗಳಿ. ಮಗಳು ದುಡಿದ್ಲು ಇವತ್ತು. ನಮ್ಮೋರ ಕಾಫಿಗೆಲ್ಲ ಜಾಸ್ತಿ ಕಟ್ಟು ಹಾಕೋಕಾಗುತ್ತಾ? ಇನ್ಮೇಲೆ ಮನೆ ಲೆಕ್ಕ ಬೇರೆ, ಮಂಡಿ ಲೆಕ್ಕ ಬೇರೆ.’ ಅಪ್ಪ ಚೀಟಿ ತೆಗೆದುಕೊಂಡು ಮೊದಲು ಅವರನ್ನು, ಆಮೇಲೆ ಅವಳನ್ನು ನೋಡಿದ. ಐವತ್ತೊಂಬತ್ತು ಪಾಯಿಂಟ್ ನಾಲ್ಕು ಆ ಕ್ಷಣ ಅವನ ಕಣ್ಣಿನಲ್ಲಿ ನಿಜವಾಗಿಯೂ ಅರವತ್ತಾಯಿತು. ಧನ್ಯಾಗೆ ಆ ನೋಟ ಬೇಡವಾಗಿತ್ತು. ಆದರೆ ಅವಳೊಳಗೆ ಏನೋ ಬೆಚ್ಚಗೆ ಹರಡಿಕೊಂಡಿತು, ತಡೆಯಲಾಗಲಿಲ್ಲ. ಮೂರು ವರ್ಷ ನಾಲಿಗೆಯ ತುದಿಯಲ್ಲಿದ್ದ ಉತ್ತರವನ್ನು ಕೊನೆಗೂ ಹೇಳಿದ್ದಳು, ಕೇಳಿದವರು ನಕ್ಕಿದ್ದರು, ಆ ನಗೆ ಅವಮಾನದ್ದಾಗಿರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಮುದುಕ ಬಂದು ಚಪ್ಪಲಿ ಬಿಟ್ಟು ಒಳಗೆ ಬರಲೋ ಬೇಡವೋ ಎಂದು ನಿಂತಿದ್ದ. ಹಿಂದೆ ಜಗಲಿಯ ಮೇಲೆ ಎರಡು ಮೂಟೆ. ಬಸ್ಸಿನ ಟಾಪಿನಿಂದ ಇಳಿಸಿಕೊಂಡು ತಾನೇ ಹೊತ್ತು ತಂದಿದ್ದಿರಬೇಕು, ಭುಜದ ಮೇಲೆ ಗೋಣಿಯ ನಾರು ಅಂಟಿತ್ತು. ‘ನಿಂಗಯ್ಯ, ಬಾ ಬಾ. ಎಷ್ಟು ತಂದಿದೀಯ? ಎರಡೇನಾ? ಅರ್ಧ ಎಕ್ರೆ ಇಟ್ಕಂಡು ಎಸ್ಟೇಟ್ ಮಾಡ್ತೀನಿ ಅಂತೀಯಲ್ಲ ಮಾರಾಯ!’ ಎಂದರು ಸಿದ್ದಬಸಪ್ಪ. ‘ಅಷ್ಟೇ ಸ್ವಾಮಿ ಬಂದಿದ್ದು. ಮಿಕ್ಕ ದಿನ ಕೂಲಿ ಇದ್ದೇ ಇದೆಯಲ್ಲ’ ಎಂದು ನಿಂಗಯ್ಯ ಬಾಯಿ ತುಂಬ ನಕ್ಕ, ಹಲ್ಲು ಬಹಳ ಇರಲಿಲ್ಲ. ನೂರು ಕೆ.ಜಿ. ಕಾಯಿ. ಕೊಳವೆ, ಸಣ್ಣ ಯಂತ್ರ, ತಟ್ಟೆ. ಐವತ್ತು. ಪೆಟ್ಟಿಗೆ ಹದಿನೈದು ತೋರಿಸಿತು. ‘ಹನ್ನೊಂದಕ್ಕಿಂತ ನಾಲ್ಕು ಜಾಸ್ತಿ. ನಾಲ್ಕು ಪರ್ಸೆಂಟ್ ಕಟ್ಟು’ ಎಂದು ಸಿದ್ದಬಸಪ್ಪ ಚೀಟಿಯ ಪುಸ್ತಕ ಎತ್ತಿಕೊಂಡವರು, ಏನೋ ಹೊಳೆದಂತೆ ಅದನ್ನು ಅವಳ ಕಡೆ ಸರಿಸಿದರು. ‘ನೀನೇ ಬರಿಯಮ್ಮ. ಬಿ.ಕಾಂ. ಕೈ. ಅಕ್ಷರ ನೋಡಣ.’

ಚೀಲದಲ್ಲಿ ಎರಡು ಪೆನ್ನು ಇದ್ದವು. ಒಂದನ್ನು ತೆಗೆದಳು. ನಾಲ್ಕು ಪರ್ಸೆಂಟ್, ಐವತ್ತಕ್ಕೆ ಎರಡು, ನಲವತ್ತೆಂಟು ಕೆ.ಜಿ. ಅಂಕಿ ಸಿದ್ಧವಾಗಿತ್ತು, ಬರೆದರೆ ಮುಗಿಯಿತು. ಎಲ್ಲರೂ ಅವಳ ಕೈ ನೋಡುತ್ತಿದ್ದರು. ಮಲ್ಲೇಶ್ ವಾಚು ಮರೆತು ನೋಡುತ್ತಿದ್ದ. ಇವನ ಮುಖದಲ್ಲಿ ತನ್ನ ಬಗ್ಗೆ ಗೌರವ ಇದೆ ಎಂದು ಅವಳಿಗೆ ಅನಿಸಿತು, ಹಾಗೆ ಅನಿಸಿದ್ದಕ್ಕೆ ಕೋಪ ಬಂತು, ಕೋಪ ಬಂದರೂ ಗೌರವ ಬೇಕೆನಿಸಿತು. ನಿಂಗಯ್ಯನೂ ನೋಡುತ್ತಿದ್ದ, ಓದಲು ಬಾರದವರು ಅಕ್ಷರವನ್ನು ನೋಡುವ ಹಾಗೆ, ಬರೆಯುವವರ ಮುಖವನ್ನು. ಸಿದ್ದಬಸಪ್ಪ ಮುಂದೆ ಬಾಗಿ, ಮಗುವಿಗೆ ಮಗ್ಗಿ ಕೇಳುವ ದನಿಯಲ್ಲಿ ಕೇಳಿದರು.

‘ಐವತ್ತರಲ್ಲಿ ನಾಲ್ಕು ಹೋದ್ರೆ ಎಷ್ಟಮ್ಮ?’

ಆ ಪ್ರಶ್ನೆಗೆ ಒಂದೇ ಉತ್ತರವಿತ್ತು. ಬೇರೆ ಪ್ರಶ್ನೆ ಕೇಳಬೇಕಿತ್ತು, ಯಾವುದರಲ್ಲಿ ಎಂದು. ಅದನ್ನು ಈಗಷ್ಟೇ ಕೇಳಿದ್ದಳು. ಗಂಟಲು ಅದನ್ನು ಇನ್ನೂ ಮರೆತಿರಲಿಲ್ಲ. ಅಪ್ಪ ಸ್ಟೂಲಿನ ಮೇಲೆ ಅಲುಗಾಡದೆ ಕೂತಿದ್ದ. ಶಿವಗಂಗಮ್ಮ ಅವಳ ಭುಜದ ಮೇಲೆ ಕೈಯಿಟ್ಟು ಪಿನ್ನನ್ನು ಬಿಚ್ಚಿ ಸರಿಯಾಗಿ ಹಾಕಿದರು, ಚುಚ್ಚುವುದು ನಿಂತಿತು.

‘ನಲವತ್ತಾರು’ ಎಂದಳು. ಬರೆದಳು. ಅವಳ ನಾಲ್ಕು ಯಾವಾಗಲೂ ದುಂಡಗೆ, ಆರು ಸ್ವಲ್ಪ ಬಾಗಿ ಬರುತ್ತಿತ್ತು. ‘ಮುತ್ತು ಪೋಣಿಸ್ದಂಗೆ’ ಎಂದರು ಸಿದ್ದಬಸಪ್ಪ. ‘ನಮ್ ಮಲ್ಲೇಶಂದು ಇರುವೆಗೆ ಮಸಿ ಅದ್ದಿ ಓಡಿಸ್ದಂಗಿರುತ್ತೆ.’ ಎಲ್ಲರೂ ನಕ್ಕರು, ನಿಂಗಯ್ಯನೂ ನಕ್ಕ, ಮಲ್ಲೇಶ್ ನಾಚಿಕೊಂಡು ನಕ್ಕ. ಅವಳೂ ನಗುತ್ತಿದ್ದಳು. ‘ಸೋಮವಾರ ನಾವು ಆ ಕಡೆ ಬರ್ತೀವಿ ಬಸವರಾಜಪ್ನೋರೆ’ ಎಂದರು ಸಿದ್ದಬಸಪ್ಪ. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಖಾಲಿ ಟೆಂಪೋದಲ್ಲಿ ನಿಂಗಯ್ಯನೂ ಹತ್ತಿದ, ಆಲ್ದೂರಿನಿಂದ ಈಚೆ ಅವನ ಊರಿನ ಕೈಮರದ ಹತ್ತಿರ ಇಳಿಯುವುದಾಗಿ ಹೇಳಿ. ಹಿಂದೆ ಕೂರುತ್ತೇನೆಂದ, ಅಪ್ಪ ಬಿಡಲಿಲ್ಲ. ಇಂದು ಅಪ್ಪನಿಗೆ ಎಲ್ಲರ ಮೇಲೂ ಪ್ರೀತಿ. ಮುಂದಿನ ಸೀಟಿನಲ್ಲಿ ನಾಲ್ವರೂ ಒತ್ತಿಕೊಂಡು ಕೂತರು. ಅಪ್ಪ ಡ್ರೈವರನಿಗೆ ಅದೇ ಕಥೆಯನ್ನು ಎರಡನೆಯ ಸಲ ಹೇಳುತ್ತಿದ್ದ. ‘ಮುಖಕ್ಕೆ ಹೇಳ್ಬಿಟ್ಲು ಕಣಯ್ಯ, ನೀವು ತೆಗೆದಿದ್ದು ಆರು ಅಂತ! ಸಾವಿರದೆಂಟುನೂರು ವಾಪಸ್ ತಗಂಡ್ಲು!’ ಡ್ರೈವರ್ ‘ಭಾರಿ ಆಯ್ತಲ್ಲ’ ಎಂದು ಹಾರನ್ ಹೊಡೆದ. ನಿಂಗಯ್ಯನಿಗೆ ಅದೆಲ್ಲ ಎಷ್ಟು ಅರ್ಥವಾಯಿತೋ. ಅವನು ಮಡಿಲಿನ ಗಂಟಿನಿಂದ ಚೀಟಿ ತೆಗೆದು ಬಿಡಿಸಿ ಅವಳ ಮುಂದೆ ಹಿಡಿದ.

‘ಅವ್ವಾ, ಒಂದ್ಸಲ ಓದಿ ಹೇಳ್ತೀರಾ? ಮನೇಲಿ ಹೆಂಡ್ತಿ ಕೇಳ್ತಾಳೆ. ಹೋದ ವರ್ಷ ಆ ಹುಡುಗ ಬರೆದಿದ್ದು, ಅವ್ಳಿಗೆ ನಂಬಿಕೆ ಬರ್ಲಿಲ್ಲ. ಈ ಸಲ ಒಬ್ರು ಓದಿದ ಹೆಣ್ಮಗಳೇ ಬರೆದ್ರು ಅಂತೀನಿ. ಸರಿ ಇದೆ ಅಲ್ವಾ?’

ಅವಳದೇ ಅಕ್ಷರ. ದುಂಡು ನಾಲ್ಕು, ಬಾಗಿದ ಆರು. ಜಾಸ್ತಿ ಹೋದದ್ದು ಎರಡು ಕೆ.ಜಿ., ನೂರಿಪ್ಪತ್ತು ರೂಪಾಯಿ. ಅವನ ಕೂಲಿ ದಿನಕ್ಕೆ ನಲವತ್ತು, ಮೂರು ದಿನ. ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ತೋಟದಲ್ಲಿ ಬಗ್ಗಿದ ಆ ಬೆನ್ನು ಚೀಟಿಯ ಮೇಲೆಲ್ಲೂ ಕಾಣುತ್ತಿರಲಿಲ್ಲ, ಚೀಟಿ ಬಹಳ ಅಚ್ಚುಕಟ್ಟಾಗಿತ್ತು. ಇಲ್ಲಿ ಸಿದ್ದಬಸಪ್ಪ ಇರಲಿಲ್ಲ, ಮಲ್ಲೇಶ್ ಇರಲಿಲ್ಲ. ಟೆಂಪೋ ತಿರುಗಿಸಿದರೆ ಹದಿನೈದು ನಿಮಿಷ. ತಿರುಗಿಸದಿದ್ದರೂ ಅಪ್ಪನ ಜೇಬಿನಲ್ಲಿ ದುಡ್ಡಿತ್ತು, ಅದರಲ್ಲಿ ಸಾವಿರದೆಂಟುನೂರು ಅವಳು ದುಡಿದದ್ದು, ಅದರಲ್ಲಿ ನೂರಿಪ್ಪತ್ತು ಎಷ್ಟು ಪರ್ಸೆಂಟ್ ಎಂದೂ ತಲೆ ತಾನಾಗಿಯೇ ಹೇಳಿತು: ಆರೂ ಮುಕ್ಕಾಲು ಕೂಡ ಇಲ್ಲ. ಅಪ್ಪನ ಮಾತು ನಿಂತಿತ್ತು. ಅವನು ರಸ್ತೆ ನೋಡುತ್ತಿದ್ದ, ಆದರೆ ಅವನ ಮೊಣಕೈ ಅವಳ ಪಕ್ಕೆಗೆ ತಾಗಿ ಗಟ್ಟಿಯಾಗಿತ್ತು. ಬೆಳಿಗ್ಗೆ ಅವಳು ಇದೇ ಮೊಣಕೈಗೆ ಹೆದರಿ ಪಿನ್ನು ಚುಚ್ಚಿಸಿಕೊಂಡಿದ್ದಳು.

‘ತೂಕ ನೂರು ಕೆ.ಜಿ.’ ಎಂದು ಓದಿದಳು ಧನ್ಯಾ. ‘ಬೀಜ ಐವತ್ತು. ಕಟ್ಟು ನಾಲ್ಕು. ಉಳಿದದ್ದು ನಲವತ್ತಾರು. ರೂಪಾಯಿ ಎರಡು ಸಾವಿರದ ಏಳುನೂರಾ ಅರವತ್ತು.’ ಅವಳ ದನಿ ಎಂಜಿನಿನ ಸದ್ದನ್ನು ಮೀರಿ, ತಡವರಿಸದೆ, ಸ್ಪಷ್ಟವಾಗಿ ಬಂತು. ಜೀವನದಲ್ಲಿ ಅಷ್ಟು ಗಟ್ಟಿಯಾಗಿ ಅವಳು ಯಾವತ್ತೂ ಮಾತಾಡಿರಲಿಲ್ಲ. ‘ಸರಿ ಇದೆ.’

‘ಬಾಯಿ ಬಂತು ನೋಡು ಮಗಳಿಗೆ’ ಎಂದ ಅಪ್ಪ. ಮೊಣಕೈ ಸಡಿಲವಾಯಿತು.

ಕೈಮರದ ಹತ್ತಿರ ನಿಂಗಯ್ಯ ಇಳಿದ. ಚೀಲದಿಂದ ಎರಡು ಕಿತ್ತಳೆ ತೆಗೆದು, ಮನೆಯ ಗಿಡದ್ದು, ಚಿಕ್ಕವು, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಇದ್ದವು, ಕಿಟಕಿಯಿಂದ ಅವಳ ಮಡಿಲಿಗೆ ಹಾಕಿದ. ಬೇಡವೆನ್ನಲು ಬಾಯಿ ತೆರೆದಳು. ಟೆಂಪೋ ಹೊರಟಿತು.

ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಅಮ್ಮ ಅಂಗಳದಲ್ಲೇ ನಿಂತು ಅಪ್ಪನ ಬಾಯಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುವಾಗ ಧನ್ಯಾ ಕಿತ್ತಳೆಗಳನ್ನು ಜಗಲಿಯ ಮೇಲಿಟ್ಟು ಕೋಣೆಗೆ ಹೋಗಿ ರೇಷ್ಮೆ ಸೀರೆಯಲ್ಲೇ ಕೂತು ಡೈರಿ ತೆರೆದಳು. ಬರೆಯಲು ಏನೂ ತೋಚಲಿಲ್ಲ. ಬಲಮೂಲೆಯ ಅಂಕಿಯನ್ನಾದರೂ ಹಾಕೋಣವೆಂದು ಹೇಳಬೇಕೆಂದುಕೊಂಡದ್ದನ್ನೂ ಹೇಳಿದ್ದನ್ನೂ ಎಣಿಸಿದಳು; ಎಣಿಸುತ್ತಾ ಹೋದಂತೆ, ಹೇಳಿದ್ದೆಲ್ಲವೂ ಹೇಳಬೇಕೆಂದುಕೊಂಡದ್ದೇ ಎಂದು ತೋರಿತು. ನೂರು ಎಂದು ಬರೆದಳು. ಅಕ್ಷರ ಮುತ್ತಿನ ಹಾಗಿತ್ತು. ಯಾವುದರಲ್ಲಿ ಎಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ. ಹೊರಗಿನಿಂದ ಅಮ್ಮ, ‘ಕಿತ್ತಳೆ ಯಾರು ಕೊಟ್ಟಿದ್ದೇ?’ ಎಂದು ಕೂಗಿದಳು. ಧನ್ಯಾ ಡೈರಿ ಮುಚ್ಚಿದಳು.